ಅಮ್ಮಿಯ ಬೈತಲೆ, ಭಾಯಿಜಾನರ ಟೋಪಿ

(ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ)

ಭಾನುವಾರ ಮಧ್ಯಾಹ್ನ ಅಮ್ಮಿಯ ತಲೆಗೆ ಎಣ್ಣೆ ಹಚ್ಚುವುದು ನನ್ನ ಪಾಲಿನ ಕೆಲಸ. ಅವರು ಚಾಪೆಯ ಮೇಲೆ ಕೂರುತ್ತಾರೆ, ನಾನು ಹಿಂದೆ ಮಂಚದ ಮೇಲೆ. ಪ್ರಥಮ ಪಿಯುಸಿ ಪರೀಕ್ಷೆಯ ಗಡಿಬಿಡಿಯಲ್ಲಿ ಕೆಲವು ತಿಂಗಳು ಈ ಕೆಲಸ ತಪ್ಪಿಹೋಗಿತ್ತು. ರಜೆಯಲ್ಲಿ ಮತ್ತೆ ಬಾಚಣಿಗೆ ಹಿಡಿದು ಬೈತಲೆ ತೆಗೆದಾಗ ಕೈ ನಿಂತಿತು. ದಾರದಷ್ಟು ಇದ್ದ ಗೆರೆ ಈಗ ಬೆರಳಿನಷ್ಟು ಅಗಲವಾಗಿತ್ತು. ನೆತ್ತಿಯ ಚರ್ಮ ಬೆಳ್ಳಗೆ ಕಾಣುತ್ತಿತ್ತು.

"ಅಮ್ಮಿ, ಇದು ಯಾವಾಗಿನಿಂದ?" ಎಂದೆ.

"ಮೂರು ನಾಲ್ಕು ವರ್ಷ ಆಯಿತು ಬೇಟಾ. ದುಪಟ್ಟಾ ಇರುತ್ತದಲ್ಲ, ಯಾರಿಗೆ ಕಾಣುತ್ತದೆ?" ಎಂದರು.

ಅದೇ ಮನೆಯಲ್ಲಿ ನನ್ನ ಭಾಯಿಜಾನರ ಕೂದಲಿನ ಬಗ್ಗೆ ಎರಡು ವರ್ಷದಿಂದ ಮಾತುಕತೆ ನಡೆಯುತ್ತಲೇ ಇದೆ. ಅವರಿಗೆ 25 ವರ್ಷ. ಹಣೆಯ ಎರಡೂ ಮೂಲೆಗಳಿಂದ ಕೂದಲು ಹಿಂದೆ ಸರಿದಿದೆ. ರಿಶ್ತಾ ನೋಡಲು ಬಂದ ಒಂದು ಕಡೆಯವರು "ಟೋಪಿ ಇಲ್ಲದ ಫೋಟೋ ಒಂದು ಕಳಿಸಿ" ಎಂದು ಕೇಳಿದ್ದರು. ಅಂದಿನಿಂದ ಭಾಯಿಜಾನರು ಮನೆಯೊಳಗೂ ಟೋಪಿ ತೆಗೆಯುತ್ತಿರಲಿಲ್ಲ. ಒಂದು ನಗರದ ಕ್ಲಿನಿಕ್‌ನಲ್ಲಿ ಆರು ತಿಂಗಳ 'ಪ್ಯಾಕೇಜ್' ಎಂದು 28,000 ರೂಪಾಯಿ ಕಟ್ಟಿಬಂದರು. ಅಬ್ಬಾರಿಗೆ ಗೊತ್ತಾಗಿ ದೊಡ್ಡ ಜಗಳವೇ ಆಯಿತು. ಅಬ್ಬಾರ ತಲೆ ಪೂರ್ತಿ ಬೋಳು. "ನನಗೆ ಇಪ್ಪತ್ತೆಂಟಕ್ಕೇ ಹೋಯಿತು, ನಿಮ್ಮ ಅಮ್ಮಿ ಓಡಿಹೋದಳೇನು?" ಎಂಬುದು ಅವರ ವಾದ.

ಒಂದೇ ಮನೆಯ ಮೂರು ತಲೆಗಳು. ಮೂರಕ್ಕೂ ಆಗಿದ್ದು ಒಂದೇ ಜಾತಿಯ ತೊಂದರೆ ಎಂದು ನನಗೆ ಗೊತ್ತಾದದ್ದು ಅಮ್ಮಿಯನ್ನು ಬಾಗಲಕೋಟೆಗೆ ಚರ್ಮರೋಗ ವೈದ್ಯರ ಹತ್ತಿರ ಕರೆದುಕೊಂಡು ಹೋದಾಗ. ಅಲ್ಲಿ ಕೇಳಿದ್ದು, ಆಮೇಲೆ ನಮ್ಮ ಕಾಲೇಜಿನ ಜೀವಶಾಸ್ತ್ರದ ಮೇಡಂ ಹತ್ತಿರ ಕೇಳಿದ್ದು, ಓದಿದ್ದು ಎಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಅಮ್ಮಿಯ ಒಪ್ಪಿಗೆ ಇದೆ. ಭಾಯಿಜಾನರು "ಹೆಸರು ಹಾಕಬೇಡ" ಎಂದು ಹೇಳಿ ಒಪ್ಪಿದರು.

ವೈದ್ಯರು ಇದಕ್ಕೆ ಆಂಡ್ರೋಜೆನೆಟಿಕ್ ಅಲೋಪೇಶಿಯಾ ಎನ್ನುತ್ತಾರೆ. ಹಾರ್ಮೋನ್ ಮತ್ತು ವಂಶ ಎರಡೂ ಸೇರಿ ಆಗುವ ಕೂದಲು ನಷ್ಟ ಎಂದು ಅರ್ಥ. ಕೂದಲು ಎಲ್ಲೆಂದರಲ್ಲಿ ಹೋಗುವುದಿಲ್ಲ, ಒಂದು ಗೊತ್ತಾದ ನಕ್ಷೆಯಂತೆ ಹೋಗುತ್ತದೆ. ಗಂಡಸರಲ್ಲಿ ಹಣೆಯ ಮೂಲೆಗಳು ಮತ್ತು ನೆತ್ತಿ ಮೊದಲು ಖಾಲಿಯಾಗುತ್ತವೆ, ಕಿವಿಯ ಮೇಲಿನ ಮತ್ತು ಹಿಂದಲೆಯ ಕೂದಲು ಉಳಿಯುತ್ತದೆ. ಹೆಂಗಸರಲ್ಲಿ ಮುಂದಿನ ಅಂಚು ಹಾಗೇ ಇದ್ದು ಬೈತಲೆ ಅಗಲವಾಗುತ್ತಾ ನೆತ್ತಿ ತೆಳ್ಳಗಾಗುತ್ತದೆ. ಗಂಡಸರಿಗೆ ಹ್ಯಾಮಿಲ್ಟನ್–ನಾರ್ವುಡ್ ಎಂಬ ಏಳು ಹಂತದ ಅಳತೆ ಇದೆ. ಹೆಂಗಸರಿಗೆ 1977ರಲ್ಲಿ ಲುಡ್ವಿಗ್ ಎಂಬುವರು ಮಾಡಿದ ಮೂರು ಹಂತದ ಅಳತೆ. ಅಮ್ಮಿ ಎರಡನೆಯ ಹಂತ, ಭಾಯಿಜಾನರು ಮೂರನೆಯದು, ಅಬ್ಬಾ ಏಳಕ್ಕೆ ಏಳು, ಪೂರ್ತಿ ಅಂಕ.

ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು. ಪ್ರತಿಯೊಂದೂ ಎರಡರಿಂದ ಆರು ವರ್ಷ ಬೆಳೆದು, ಎರಡು ಮೂರು ವಾರ ಬೆಳವಣಿಗೆ ನಿಲ್ಲಿಸಿ, ಸುಮಾರು ಮೂರು ತಿಂಗಳು ವಿಶ್ರಾಂತಿ ಪಡೆದು ಉದುರುತ್ತದೆ. ಆಮೇಲೆ ಅದೇ ಬುಡದಿಂದ ಹೊಸದು. ಹಾಗಾಗಿ ದಿನಕ್ಕೆ 50ರಿಂದ 100 ಕೂದಲು ಉದುರುವುದು ರೋಗವೇ ಅಲ್ಲ. ಬಾಚಣಿಗೆಯಲ್ಲಿ ನಾಲ್ಕು ಎಳೆ ಕಂಡರೆ ಹಾಸ್ಟೆಲ್ಲಿನಲ್ಲಿ ಅಳುವ ಗೆಳತಿಯರು ಇದನ್ನು ಗಮನಿಸಬೇಕು.

ತೊಂದರೆ ಇರುವುದು ಹೊಸದಾಗಿ ಬರುವ ಕೂದಲಿನಲ್ಲಿ. ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನನ್ನು ಒಂದು ಕಿಣ್ವ ಡಿಎಚ್‌ಟಿ ಎಂಬ ಇನ್ನೂ ಪ್ರಬಲವಾದ ಹಾರ್ಮೋನಾಗಿ ಬದಲಿಸುತ್ತದೆ. ವಂಶದಿಂದ ಸೂಕ್ಷ್ಮತೆ ಪಡೆದ ಕೂದಲಿನ ಬುಡಗಳು ಇದಕ್ಕೆ ಕುಗ್ಗುತ್ತವೆ. ಪ್ರತಿ ಸುತ್ತಿನಲ್ಲೂ ಬೆಳೆಯುವ ಅವಧಿ ಕಡಿಮೆ, ಎಳೆ ಇನ್ನಷ್ಟು ತೆಳು. ವಾಣಿಜ್ಯದವರಿಗೆ ಒಂದೇ ಮಾತಿನಲ್ಲಿ ಹೇಳುವುದಾದರೆ ಇದು ಸವಕಳಿ, ಅದೂ ರಿಟನ್ ಡೌನ್ ವ್ಯಾಲ್ಯೂ ಪದ್ಧತಿಯ ಸವಕಳಿ. ಪ್ರತಿ ವರ್ಷ ಉಳಿದ ಮೌಲ್ಯದ ಮೇಲೆ ಕಡಿತ. ಕೊನೆಗೆ ಕಣ್ಣಿಗೆ ಕಾಣದಷ್ಟು ನಯವಾದ ರೋಮ ಉಳಿಯುತ್ತದೆ. ಯಂತ್ರ ಪೂರ್ತಿ ಸವೆಯುವ ಮೊದಲು ರಿಪೇರಿ ಮಾಡಿದರೆ ಉಪಯೋಗ, ಸವೆದ ಮೇಲೆ ಕಷ್ಟ. ಚಿಕಿತ್ಸೆಗೂ ಇದೇ ಲೆಕ್ಕ.

ಇದನ್ನು ಪತ್ತೆ ಮಾಡಿದ ಕಥೆ ನನಗೆ ತುಂಬ ಹಿಡಿಸಿತು. 1942ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್, ಚಿಕ್ಕಂದಿನಲ್ಲೇ ದೇಹದಲ್ಲಿ ಪುರುಷ ಹಾರ್ಮೋನ್ ಇಲ್ಲವಾದ ಗಂಡಸರು ಬೋಳಾಗುವುದಿಲ್ಲ ಎಂದು ತೋರಿಸಿದರು. ಅಂಥವರಿಗೆ ಆ ಹಾರ್ಮೋನ್ ಕೊಟ್ಟಾಗ, ಮನೆತನದಲ್ಲಿ ಬೋಳುತಲೆ ಇದ್ದವರ ಕೂದಲು ಮಾತ್ರ ಉದುರತೊಡಗಿತು. ಹಾರ್ಮೋನ್ ಒಂದೇ ಸಾಲದು, ವಂಶ ಒಂದೇ ಸಾಲದು, ಎರಡೂ ಬೇಕು. ಹೆಂಗಸರಲ್ಲಿ ವಿಷಯ ಇಷ್ಟು ಸರಳವಲ್ಲ. ಬಹಳಷ್ಟು ಹೆಂಗಸರ ರಕ್ತದಲ್ಲಿ ಹಾರ್ಮೋನ್ ಪ್ರಮಾಣ ಸರಿಯಾಗಿಯೇ ಇರುತ್ತದೆ, ಆದರೂ ಬೈತಲೆ ಅಗಲವಾಗುತ್ತದೆ.

"ಅಮ್ಮನ ಅಪ್ಪ ಬೋಳಾಗಿದ್ದರೆ ಮೊಮ್ಮಗ ಬೋಳು" ಎಂಬ ಮಾತಿದೆಯಲ್ಲ, ಅದು ಅರ್ಧ ನಿಜ. ಒಂದು ಮುಖ್ಯ ಜೀನ್ ತಾಯಿಯ ಕಡೆಯಿಂದ ಬರುವ ಎಕ್ಸ್ ವರ್ಣತಂತುವಿನಲ್ಲಿದೆ. ಆದರೆ ಇನ್ನೂ ಅನೇಕ ಜೀನ್‌ಗಳು ಇಬ್ಬರ ಕಡೆಯಿಂದಲೂ ಬರುತ್ತವೆ. ಇದನ್ನು ಕೇಳಿ ಅಮ್ಮಿ ಅಬ್ಬಾರ ಕಡೆ ನೋಡಿದ ನೋಟವೇ ಬೇರೆ. ಇಷ್ಟು ವರ್ಷ ಭಾಯಿಜಾನರ ಹಣೆಗೆ ನಾನಾ ಅವರನ್ನೇ ದೂರುತ್ತಿದ್ದರು.

ಇನ್ನು ನಮ್ಮ ಊರಿನ ಆಪಾದನೆಗಳು. ಲೋಕಾಪುರದಲ್ಲಿ ಮೊದಲ ಆರೋಪಿ ನೀರು. ಸುತ್ತೆಲ್ಲ ಸುಣ್ಣಕಲ್ಲು, ಬೋರಿನ ನೀರು ಕಾಯಿಸಿದರೆ ಪಾತ್ರೆಗೆ ಬಿಳಿ ಪದರ. "ಈ ಸವಳ ನೀರಾಗ ಕೂದಲಾ ಹೆಂಗ ಉಳಿತಾವು ಹೇಳವಾ" ಎಂದು ಪಕ್ಕದ ಮನೆ ಅವ್ವ ಹೇಳುತ್ತಾರೆ. ಗಡಸು ನೀರಿನಿಂದ ಕೂದಲು ಒರಟಾಗಬಹುದು, ನಡುವೆ ತುಂಡಾಗಬಹುದು. ಆದರೆ ಅದು ಬುಡವನ್ನು ಕುಗ್ಗಿಸುವುದಿಲ್ಲ. ಹಾಗಿದ್ದರೆ ಅಬ್ಬಾರ ಕಿವಿಯ ಮೇಲಿನ ಕೂದಲು ಯಾವ ನೀರಿನಲ್ಲಿ ಸ್ನಾನ ಮಾಡುತ್ತದೆ?

ಎರಡನೆಯ ಆರೋಪಿ ಟೋಪಿ ಮತ್ತು ದುಪಟ್ಟಾ. ಇದನ್ನು ನಮ್ಮ ಕಾಲೇಜಿನಲ್ಲಿ ಬಹಳ ಜನ ಕೇಳುತ್ತಾರೆ. ತಲೆ ಮುಚ್ಚುವುದರಿಂದ ಈ ರೀತಿಯ ಕೂದಲು ನಷ್ಟ ಆಗುವುದಿಲ್ಲ. ಬುಡಕ್ಕೆ ಆಮ್ಲಜನಕ ಬರುವುದು ರಕ್ತದಿಂದ, ಗಾಳಿಯಿಂದಲ್ಲ. ಆದರೆ ಒಂದು ಎಚ್ಚರ ಬೇಕು. ಹಿಜಾಬ್ ಜಾರಬಾರದೆಂದು ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಎಳೆದು ಗಂಟು ಕಟ್ಟಿ, ದಿನವೂ ಅದೇ ಜಾಗಕ್ಕೆ ಪಿನ್ ಹಾಕಿದರೆ ಹಣೆಯ ಅಂಚಿನ ಕೂದಲು ಎಳೆತಕ್ಕೆ ಉದುರುತ್ತದೆ. ಬಿಗಿಯಾದ ಜಡೆ ಹಾಕುವ ಯಾರಿಗಾದರೂ ಇದು ಆಗುತ್ತದೆ. ಬೇಗ ಸಡಿಲ ಮಾಡಿದರೆ ವಾಪಸ್ ಬರುತ್ತದೆ, ವರ್ಷಗಟ್ಟಲೆ ಎಳೆದರೆ ಬರುವುದಿಲ್ಲ. ಒದ್ದೆ ಕೂದಲಿಗೆ ಗಂಟು ಹಾಕಿ ಕಾಲೇಜಿಗೆ ಓಡಿಬರುವ ನಾನೂ ಇದರಲ್ಲಿ ಅಪರಾಧಿ.

ಎಲ್ಲ ಕೂದಲು ಉದುರುವಿಕೆಯೂ ವಂಶದ್ದಲ್ಲ. ಟೈಫಾಯ್ಡ್, ಡೆಂಗಿಯಂಥ ಜ್ವರ, ಹೆರಿಗೆ, ಊಟ ಬಿಟ್ಟು ತೂಕ ಇಳಿಸುವುದು, ಇವೆಲ್ಲ ಆದ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಬರುತ್ತದೆ, ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ. ನಾಣ್ಯದಂತೆ ದುಂಡಗೆ ಬೋಳಾದರೆ ಅದು ಬೇರೆ ಕಾಯಿಲೆ. 2025ರ ಜನವರಿಯಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಶೇಗಾಂವ್ ಸುತ್ತಿನ ಹಳ್ಳಿಗಳಲ್ಲಿ ಕೆಲವೇ ದಿನಗಳಲ್ಲಿ ಜನರ ತಲೆ ಬೋಳಾದ ಸುದ್ದಿ ನೆನಪಿರಬಹುದು. ವಂಶದ ಬೋಳು ಹಾಗೆ ವಾರದಲ್ಲಿ ಬರುವುದಿಲ್ಲ, ವರ್ಷಗಳಲ್ಲಿ ಬರುತ್ತದೆ. ಆದ್ದರಿಂದಲೇ ವೈದ್ಯರು ಅಮ್ಮಿಗೆ ಮೊದಲು ಬರೆದದ್ದು ಔಷಧಿಯಲ್ಲ, ರಕ್ತಪರೀಕ್ಷೆ. ಹಿಮೋಗ್ಲೋಬಿನ್, ಕಬ್ಬಿಣದ ಸಂಗ್ರಹ, ಥೈರಾಯ್ಡ್. ಅಮ್ಮಿಗೆ ರಕ್ತಹೀನತೆಯೂ ಇತ್ತು. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ತಿನ್ನುವವರಿಗೆ ಇದು ಇರದೆ ಹೇಗೆ? ಮುಟ್ಟು ಏರುಪೇರಾಗಿ, ಮುಖದ ಮೇಲೆ ಕೂದಲು, ಮೊಡವೆ ಹೆಚ್ಚಾಗಿರುವ ಹುಡುಗಿಯರು ಪಿಸಿಓಎಸ್ ಇದೆಯೇ ಎಂದು ನೋಡಿಸಬೇಕು.

ಔಷಧಿ ನಿಜವಾಗಿ ಎರಡೇ ಮುಖ್ಯ, ಎರಡೂ ಬೇರೆ ಕಾಯಿಲೆಗೆ ಹುಟ್ಟಿದವು. ಮಿನಾಕ್ಸಿಡಿಲ್ ರಕ್ತದೊತ್ತಡದ ಮಾತ್ರೆಯಾಗಿತ್ತು. ತಿಂದವರ ಮೈಮೇಲೆ ಕೂದಲು ಬೆಳೆಯತೊಡಗಿತು. ತಲೆಗೆ ಹಚ್ಚುವ ದ್ರವವಾಗಿ ಅಮೆರಿಕದಲ್ಲಿ 1988ರಲ್ಲಿ ಗಂಡಸರಿಗೆ, 1991ರಲ್ಲಿ ಹೆಂಗಸರಿಗೆ ಒಪ್ಪಿಗೆ ಸಿಕ್ಕಿತು. ಶುರುವಿನ ಕೆಲವು ವಾರ ಕೂದಲು ಹೆಚ್ಚೇ ಉದುರುತ್ತದೆ, ಹೆದರಿ ನಿಲ್ಲಿಸುವವರೇ ಹೆಚ್ಚು. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ನಿಲ್ಲಿಸಿದರೆ ಬಂದದ್ದೆಲ್ಲ ಕೆಲವು ತಿಂಗಳಲ್ಲಿ ಹೋಗುತ್ತದೆ. ಅಂದರೆ ಇದು ಬಂಡವಾಳ ವೆಚ್ಚವಲ್ಲ, ಪ್ರತಿ ತಿಂಗಳ ರಾಜಸ್ವ ವೆಚ್ಚ. ಗರ್ಭಿಣಿಯರು ಹಚ್ಚಬಾರದು. ಇನ್ನೊಂದು ಮಾತು, ಇದು ಬೆಕ್ಕಿಗೆ ವಿಷ. ನಮ್ಮ ಮನೆಯ ಬೆಕ್ಕು ಅಮ್ಮಿಯ ದಿಂಬಿನ ಮೇಲೇ ಮಲಗುತ್ತಿತ್ತು, ಈಗ ಅದಕ್ಕೆ ಬೇರೆ ಹಾಸಿಗೆ.

ಫಿನಾಸ್ಟರೈಡ್ ಪ್ರಾಸ್ಟೇಟ್ ಗ್ರಂಥಿಯ ಔಷಧಿ. 1997ರಲ್ಲಿ ಒಂದು ಮಿಲಿಗ್ರಾಂ ಪ್ರಮಾಣದಲ್ಲಿ ಗಂಡಸರ ಕೂದಲಿಗೆ ಒಪ್ಪಿಗೆ ಪಡೆಯಿತು. ಡಿಎಚ್‌ಟಿ ಮಾಡುವ ಕಿಣ್ವವನ್ನೇ ತಡೆಯುತ್ತದೆ. ಕೆಲವರಿಗೆ ಲೈಂಗಿಕ ತೊಂದರೆ, ಮನಸ್ಸು ಕುಗ್ಗುವುದು ಆಗುತ್ತದೆ. ಗರ್ಭದಲ್ಲಿರುವ ಗಂಡುಮಗುವಿಗೆ ಹಾನಿ ಮಾಡಬಲ್ಲದು, ಆದ್ದರಿಂದ ಗರ್ಭಿಣಿಯರು ಪುಡಿಯಾದ ಮಾತ್ರೆ ಮುಟ್ಟಲೂಬಾರದು. ಹದಿನೆಂಟು ತುಂಬದ ನಾವು ಈ ಎರಡನ್ನೂ ಮೊಬೈಲ್ ನೋಡಿ ತರಿಸಿಕೊಳ್ಳುವಂತಿಲ್ಲ. ನಮ್ಮ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬರು ಆಗಲೇ ಹಚ್ಚುತ್ತಿದ್ದಾರೆ, ಅದಕ್ಕೇ ಒತ್ತಿ ಬರೆಯುತ್ತಿದ್ದೇನೆ.

ಕೂದಲು ಕಸಿ ಎಂದರೆ ಹಿಂದಲೆಯ ಗಟ್ಟಿ ಬುಡಗಳನ್ನು ತೆಗೆದು ಮುಂದೆ ನೆಡುವುದು. ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಕ್ 1959ರಲ್ಲಿ ತೋರಿಸಿದಂತೆ, ಆ ಬುಡಗಳು ಹೊಸ ಜಾಗದಲ್ಲೂ ಹಳೆಯ ಸ್ವಭಾವ ಬಿಡುವುದಿಲ್ಲ. ಆದರೆ ಇದು ಶಸ್ತ್ರಚಿಕಿತ್ಸೆ. ಅರ್ಹತೆ ಇಲ್ಲದವರ ಕೈಯಲ್ಲಿ ಪ್ರಾಣ ಹೋದದ್ದೂ ನಮ್ಮ ದೇಶದಲ್ಲಿ ಇದೆ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಯೂಟ್ಯೂಬ್ ನೋಡಿ ಅಥವಾ ಕಾರ್ಯಾಗಾರಕ್ಕೆ ಹೋಗಿ ಕಲಿತರೆ ಸಾಲದು, ವಿಧಿವತ್ತಾಗಿ ತರಬೇತಾದ ವೈದ್ಯರೇ ಮಾಡಬೇಕು ಎಂದು ಹೇಳಬೇಕಾಯಿತು.

ಎಣ್ಣೆಯ ವಿಷಯ ಬಿಟ್ಟರೆ ನನ್ನ ಖಾಲಾ ಬೇಸರ ಮಾಡಿಕೊಳ್ಳುತ್ತಾರೆ. ಮೈಸೂರು ಜಿಲ್ಲೆ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ 'ಆದಿವಾಸಿ' ಎಣ್ಣೆ ಇವತ್ತು ದೇಶದ ಎಲ್ಲ ಮೊಬೈಲುಗಳಲ್ಲೂ ಇದೆ. ಅಲೆದಾಡಿ ಬದುಕುತ್ತಿದ್ದ ಒಂದು ಸಮುದಾಯ ಮಾರುಕಟ್ಟೆ ಕಟ್ಟಿದ ರೀತಿ ನಮ್ಮ ವ್ಯವಹಾರ ಅಧ್ಯಯನದ ತರಗತಿಗೆ ಒಳ್ಳೆಯ ಪಾಠ. ಆದರೆ ಯಾವ ಎಣ್ಣೆಯಾದರೂ ಎಳೆಗೆ ಹೊಳಪು ಕೊಡುತ್ತದೆ, ತುಂಡಾಗುವುದನ್ನು ತಡೆಯುತ್ತದೆ. ಬೋಳಾದ ಜಾಗದಲ್ಲಿ ಬೆಳೆಸುತ್ತೇನೆ ಎನ್ನುವುದು ಬೇರೆ ಮಾತು. ನಮ್ಮ ಔಷಧ ನಿಯಮಗಳ 'ಜೆ' ಅನುಸೂಚಿಯಲ್ಲಿ, ಗುಣಪಡಿಸುತ್ತೇನೆ ಎಂದು ಯಾವ ಔಷಧಿಯೂ ಹೇಳಿಕೊಳ್ಳಬಾರದ ಕಾಯಿಲೆಗಳ ಪಟ್ಟಿ ಇದೆ. ಅದರಲ್ಲಿ ಬೋಳುತಲೆಯ ಹೆಸರೂ ಇದೆ. ಕೇರಳದ ತ್ರಿಶ್ಶೂರಿನ ಗ್ರಾಹಕ ನ್ಯಾಯಾಲಯ ಇಂಥದೇ ಜಾಹೀರಾತಿಗಾಗಿ ಕಂಪನಿಗೂ, ಅದರಲ್ಲಿ ನಟಿಸಿದ ನಟನಿಗೂ ತಲಾ 10,000 ರೂಪಾಯಿ ದಂಡ ಹಾಕಿತ್ತು. ನಟ ತಾನೇ ಅದನ್ನು ಹಚ್ಚಿಕೊಂಡಿರಲಿಲ್ಲ.

ಇದನ್ನು ಓದಿದ ಮೇಲೆ ಭಾಯಿಜಾನರ 28,000ದ ಕಾಗದಗಳನ್ನು ತೆಗೆಸಿದೆ. ಬಿಲ್ ಕೊಟ್ಟಿರಲಿಲ್ಲ, ಒಂದು ಚೀಟಿ ಮಾತ್ರ. ಅದರ ಮೇಲೆ 'ಶೇಕಡಾ 100 ಗ್ಯಾರಂಟಿ' ಎಂದು ಅಚ್ಚಾಗಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಮೊದಲು 1915ಕ್ಕೆ ಫೋನ್ ಮಾಡಿದೆವು. ಎರಡು ವಾರಕ್ಕೆ ಕ್ಲಿನಿಕ್ಕಿನವರೇ ಕರೆದು ಉಳಿದ ಕಂತುಗಳ ಹಣ 16,000 ವಾಪಸ್ ಕೊಟ್ಟರು. ಪಾಠದಲ್ಲಿ ಓದಿದ್ದು ಮನೆಗೆ ಉಪಯೋಗಕ್ಕೆ ಬಂದದ್ದು ನನಗೆ ಅದೇ ಮೊದಲು.

2017ರ 'ಒಂದು ಮೊಟ್ಟೆಯ ಕಥೆ' ಸಿನಿಮಾ ನೋಡಿದ್ದೀರಾ? ರಾಜ್ ಬಿ. ಶೆಟ್ಟಿ ತಾವೇ ನಿರ್ದೇಶಿಸಿ, ಹುಡುಗಿ ಸಿಗದ ಬೋಳುತಲೆಯ ಕನ್ನಡ ಉಪನ್ಯಾಸಕನಾಗಿ ನಟಿಸಿದ್ದಾರೆ. ಭಾಯಿಜಾನರ ಜೊತೆ ಕೂತು ನೋಡಿದೆವು. ಮೊದಲ ಅರ್ಧ ನಗಲಿಲ್ಲ, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕರು. ಬೋಳು ಗಂಡಸಿನ ಮೇಲೆ ಸಿನಿಮಾ ಬರುತ್ತದೆ, ಜೋಕ್ ಬರುತ್ತದೆ. ಅಮ್ಮಿಯಂಥವರ ಬೈತಲೆಯ ಬಗ್ಗೆ ಮನೆಯಲ್ಲಿ ಮಾತೂ ಬರುವುದಿಲ್ಲ. ಮದುವೆ ಮನೆಯಲ್ಲಿ ಹೆಂಗಸರ ಕೋಣೆಯಲ್ಲೂ ಅವರು ದುಪಟ್ಟಾ ತೆಗೆಯುತ್ತಿರಲಿಲ್ಲ ಎಂಬುದು ನನಗೆ ಈಗ ನೆನಪಾಗುತ್ತಿದೆ.

ಅಮ್ಮಿ ಔಷಧಿ ಹಚ್ಚಲು ಶುರು ಮಾಡಿ ಐದು ತಿಂಗಳಾಯಿತು, ಜೊತೆಗೆ ಕಬ್ಬಿಣದ ಮಾತ್ರೆ. ಬೈತಲೆಯ ಎರಡೂ ಬದಿ ಅರ್ಧ ಇಂಚಿನ ಕೂದಲುಗಳು ನೆಟ್ಟಗೆ ನಿಂತಿವೆ, ಬಾಚಿದರೂ ಕೂರುವುದಿಲ್ಲ. ಭಾಯಿಜಾನರು ಔಷಧಿ ಬೇಡವೆಂದು ಪೂರ್ತಿ ಸಣ್ಣಗೆ ಕತ್ತರಿಸಿಕೊಂಡಿದ್ದಾರೆ, ಹೊಸ ರಿಶ್ತಾಕ್ಕೆ ಆ ಫೋಟೋವನ್ನೇ ಕಳಿಸಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಅಮ್ಮಿಯ ಬಾಟಲಿ ತಳಕ್ಕೆ ಬಂದಿದೆ, ಈ ಶನಿವಾರ ಮುಧೋಳಕ್ಕೆ ಹೋಗಿ ಇನ್ನೊಂದು ತರಬೇಕು.