ಪಿತ್ತಗಂಧೆ: ಜನ್ಮಕ್ಕಂಟಿದ ಕಾಯಿಲೆಯೇ?

ತೋಟದಲ್ಲಿ ಮೈ ತುರಿಸಿದರೆ ಕಂಬಳಿಹುಳವೆಂದು ನಾವು ಸುಮ್ಮನಾಗುತ್ತೇವೆ. ಆದರೆ ಕೆಂಪು ದದ್ದುಗಳೆದ್ದು, ಒಂದೊಂದೂ 24 ಗಂಟೆಯೊಳಗೆ ಅಡಗಿ, ಮತ್ತೆ ಬೇರೆಡೆ ಏಳುತ್ತಾ 6 ವಾರ ಮೀರಿದರೆ ಅದು ದೀರ್ಘಕಾಲದ ಪಿತ್ತಗಂಧೆ. ಇದು ಸಾಯುವವರೆಗೂ ಬಿಡದೆಂದು ಕೆಲವು ಸದಸ್ಯರು ಎದೆಗುಂದಿರುವುದನ್ನು ಕಂಡು ಈ ನಾಲ್ಕು ಮಾತು.

ಹಾಗೇನೂ ಇಲ್ಲ. ಬಹುಮಂದಿಗೆ ಸ್ಥೂಲವಾಗಿ 2ರಿಂದ 5 ವರ್ಷಗಳಲ್ಲಿ ಇದು ತಾನಾಗಿಯೇ ಅಡಗುತ್ತದೆ; ಕೆಲವರಿಗೆ ಇನ್ನೂ ಹೆಚ್ಚು ಕಾಲ ಉಳಿಯುವುದುಂಟು. ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಚರ್ಮದ ಕೆಲವು ಕಣಗಳು ಹಿಸ್ಟಮಿನ್ ಎಂಬ ದ್ರವ್ಯವನ್ನು ಹೊರಬಿಡುವುದರಿಂದ ದದ್ದು ಏಳುತ್ತದೆ. ಹೆಚ್ಚಿನವರಲ್ಲಿ ಇದರ ಮೂಲ ಶರೀರದೊಳಗೇ ಇರುವುದರಿಂದ, ಬದನೆ, ಮೀನು ಎಂದು ಒಂದೊಂದನ್ನೇ ಬಿಟ್ಟು ಸೊರಗುವುದು ವ್ಯರ್ಥ.

ಸೆಟಿರಿಜಿನ್‌ನಂಥ ಮಾತ್ರೆಯನ್ನು ವೈದ್ಯರು ಹೇಳಿದಂತೆ ದಿನವೂ ಸೇವಿಸಬೇಕು. ತುರಿಕೆ ನಿಂತಿತೆಂದು ನಡುವೆ ಬಿಟ್ಟರೆ ಮರುಕಳಿಸೀತು. ಮಾತ್ರೆಗೆ ಬಗ್ಗದವರಿಗೆ ಈಗ ಒಮಾಲಿಜುಮಾಬ್ ಚುಚ್ಚುಮದ್ದಿದೆ, ಬೆಲೆ ಮಾತ್ರ ದುಬಾರಿ. ಆಸ್ಪಿರಿನ್‌ನಂಥ ನೋವಿನ ಮಾತ್ರೆಗಳು ಕೆಲವರಲ್ಲಿ ಗಂಧೆಯನ್ನು ಕೆರಳಿಸುತ್ತವೆ.

ನಮ್ಮ ಕೊನೆಗಾರರೊಬ್ಬರು ಅಂಗಡಿಯಿಂದ ತಂದ ಹಳೆಯ ಕಾಲದ ತುರಿಕೆ ಮಾತ್ರೆ ನುಂಗಿ ಮರವೇರಿ, ತೂಕಡಿಕೆ ಬಂದು ಅರ್ಧದಲ್ಲೇ ಇಳಿದರು. ಬಿದ್ದಿದ್ದರೆ? ನಿದ್ದೆ ತರಿಸುವ ಮಾತ್ರೆ ತಿಂದವರನ್ನು ಮರ ಹತ್ತಿಸಬೇಡಿ, ಯಂತ್ರದ ಬಳಿ ನಿಲ್ಲಿಸಬೇಡಿ.

ನಾಲಿಗೆ, ಗಂಟಲು ಊದಿ ಉಸಿರು ಕಟ್ಟಿದರೆ ಮಾತ್ರ ಕಾಯುವಂತಿಲ್ಲ. ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಉಳಿದಂತೆ ತಾಳ್ಮೆಯೇ ಅರ್ಧ ಮದ್ದು.