ಹಲ್ಲು ಕೀಳಿಸಿದ ಮೇಲೆ ಬಾಯಿಯ ಆರೈಕೆ

ಕೊಯ್ಲಿನ ದಿನಗಳಲ್ಲಿ ಹಲ್ಲುನೋವು ಬಂದರೆ ನಮ್ಮವರು ಲವಂಗ ಕಚ್ಚಿಕೊಂಡು ದಿನ ದೂಡುತ್ತಾರೆ. ತಡೆಯಲಾಗದಾಗ ಪೇಟೆಗೆ ಹೋಗಿ ಹಲ್ಲು ಕೀಳಿಸಿ, ಅದೇ ಸಂಜೆ ಕಣದಲ್ಲಿ ನಿಂತಿರುತ್ತಾರೆ. ನಾನೂ ಹಾಗೆ ಮಾಡಿದವನೇ. ಕೆಳಗಿನ ದವಡೆ ಹಲ್ಲು ಕೀಳಿಸಿದ ದಿನ ಮನೆಗೆ ಬಂದು ಬಿಸಿ ಕಾಫಿ ಕುಡಿದೆ. ರಕ್ತದ ರುಚಿ ಹೋಗಲೆಂದು ನಾಲ್ಕಾರು ಬಾರಿ ಮುಕ್ಕಳಿಸಿ ಉಗುಳಿದೆ. ಮರುದಿನ ಕವಳವನ್ನೂ ಹಾಕಿದೆ. ಮೂರನೆಯ ರಾತ್ರಿ ಕಿವಿಯವರೆಗೆ ಎಳೆಯುವ ನೋವು ಶುರುವಾಯಿತು. ಮತ್ತೆ ವೈದ್ಯರ ಬಳಿಗೆ ಓಡಬೇಕಾಯಿತು. ಕೊಯ್ಲಿನ ನಾಲ್ಕು ದಿನ ಹಾಳಾದವು. ತಪ್ಪು ನನ್ನದೇ. ಸದಸ್ಯ ಬಾಂಧವರಿಗೆ ಹಾಗಾಗದಿರಲೆಂದು ಈ ನಾಲ್ಕು ಮಾತು.

ಹಲ್ಲು ಕಿತ್ತ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಕಾಫಿ ಗಿಡದ ದಪ್ಪ ಕೊಂಬೆ ಕಡಿದಾಗ ಗಾಯಕ್ಕೆ ನಾವು ಬೋರ್ಡೋ ಮುಲಾಮು ಹಚ್ಚುವುದಿಲ್ಲವೇ? ಈ ಹೆಪ್ಪು ದೇಹವೇ ಹಚ್ಚಿಕೊಂಡ ಮುಲಾಮು. ಒಳಗಿನ ಎಲುಬನ್ನೂ ನರವನ್ನೂ ಅದು ಮುಚ್ಚಿ ಕಾಯುತ್ತದೆ. ಹೊಸ ಮಾಂಸ ಬೆಳೆಯುವುದೂ ಅದರ ಆಸರೆಯಲ್ಲೇ. ಅದು ಕಿತ್ತುಹೋದರೆ ಎಲುಬು ಬರಿದಾಗಿ ತೀವ್ರ ನೋವು ಬರುತ್ತದೆ. ವೈದ್ಯರು ಇದಕ್ಕೆ ‘ಡ್ರೈ ಸಾಕೆಟ್’ ಎನ್ನುತ್ತಾರೆ. ಸಾಮಾನ್ಯವಾಗಿ 2ರಿಂದ 4 ದಿನಗಳೊಳಗೆ ಕಾಣಿಸುತ್ತದೆ. ಕೆಳದವಡೆಯಲ್ಲಿ ಹಾಗೂ ಬೀಡಿ ಸಿಗರೇಟು ಸೇದುವವರಲ್ಲಿ ಹೆಚ್ಚು. ಆದ್ದರಿಂದ ಆರೈಕೆಯೆಂದರೆ ಮುಖ್ಯವಾಗಿ ಈ ಹೆಪ್ಪನ್ನು ಉಳಿಸಿಕೊಳ್ಳುವುದು.

ಮೊದಲ ದಿನ: ವೈದ್ಯರು ಇಟ್ಟ ಹತ್ತಿಯನ್ನು ಅರ್ಧದಿಂದ ಮುಕ್ಕಾಲು ಗಂಟೆ ಬಿಗಿಯಾಗಿ ಕಚ್ಚಿಕೊಂಡಿರಿ. ತೆಗೆದು ತೆಗೆದು ನೋಡಬೇಡಿ. 24 ಗಂಟೆ ಮುಕ್ಕಳಿಸುವುದು, ಉಗುಳುವುದು, ಬೀಡಿ ಸೇದುವುದು, ಸ್ಟ್ರಾ ಹಾಕಿ ಎಳನೀರು ಹೀರುವುದು ಬೇಡ. ಎಂಜಲು ಸ್ವಲ್ಪ ಕೆಂಪಾಗಿದ್ದರೆ ಗಾಬರಿ ಬೇಡ. ಕಾಫಿಯನ್ನು ಆರಿಸಿ ಕುಡಿಯಿರಿ. ತಣ್ಣಗಿನ ಗಂಜಿ, ಮೊಸರನ್ನ, ರಾಗಿ ಅಂಬಲಿ ಸಾಕು. ಊತಕ್ಕೆ ಕೆನ್ನೆಯ ಹೊರಗಿನಿಂದ ತಣ್ಣೀರು ಬಟ್ಟೆ ಒತ್ತಿರಿ. ಮೂಟೆ ಹೊರುವುದು, ಬಗ್ಗಿ ಮಾಡುವ ಕೆಲಸ ಒಂದೆರಡು ದಿನ ನಿಲ್ಲಲಿ.

ಎರಡನೆಯ ದಿನದಿಂದ: ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟವಾದ ಮೇಲೆಲ್ಲ ಮೆಲ್ಲನೆ ಬಾಯಿಯಲ್ಲಾಡಿಸಿ ಹೊರಬಿಡಿ. ಉಳಿದ ಹಲ್ಲುಗಳನ್ನು ಎಂದಿನಂತೆ ಉಜ್ಜಿ. ಕುಳಿಗೆ ನಾಲಿಗೆ, ಕಡ್ಡಿ ತಾಗಿಸಬೇಡಿ. ಕೈಗಾಯಕ್ಕೆ ಕಾಫಿಪುಡಿ ಒತ್ತುವ ನಮ್ಮ ರೂಢಿ ಇಲ್ಲಿ ಸಲ್ಲದು. ಅರಿಶಿನ, ಸುಣ್ಣ, ಹೊಗೆಸೊಪ್ಪು ಯಾವುದನ್ನೂ ತುಂಬಬೇಡಿ.

ನೋವಿಗೆ ವೈದ್ಯರು ಹೇಳಿದ ಮಾತ್ರೆಯನ್ನೇ ತೆಗೆದುಕೊಳ್ಳಿ. ನೀವಾಗಿಯೇ ಆಸ್ಪಿರಿನ್ ನುಂಗಬೇಡಿ, ರಕ್ತ ನಿಲ್ಲುವುದು ತಡವಾಗುತ್ತದೆ. ಆದರೆ ಹೃದಯಕ್ಕೆಂದು ಅದನ್ನು ದಿನವೂ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಬಿಡಲೂಬಾರದು. ಸಕ್ಕರೆ ಕಾಯಿಲೆ ಇರುವವರು ಹಲ್ಲು ಕೀಳಿಸುವ ಮೊದಲೇ ತಿಳಿಸಬೇಕು.

ಇನ್ನು ಕವಳದ ಮಾತು. ಅಡಿಕೆ ಬೆಳೆದು ಬದುಕುವ ನನಗೆ ಇದನ್ನು ಬರೆಯುವುದು ಸುಲಭವಲ್ಲ. ಆದರೂ ಗಾಯ ಮಾಯುವವರೆಗೆ, ಒಂದೆರಡು ವಾರವಾದರೂ, ಎಲೆಯಡಿಕೆ ಸಂಪೂರ್ಣ ಬಿಡಬೇಕು. ಅಡಿಕೆಯ ಚೂರು ಕುಳಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಸುಣ್ಣ ಸುಡುತ್ತದೆ, ಹೊಗೆಸೊಪ್ಪು ಗಾಯ ಮಾಯುವುದನ್ನು ತಡೆಯುತ್ತದೆ. ಇನ್ನೂ ಒಂದು ಮಾತು. ಹೊಗೆಸೊಪ್ಪಿಲ್ಲದ ಅಡಿಕೆಯೂ ಕ್ಯಾನ್ಸರ್‌ಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ನಮ್ಮ ಬೆಳೆಯ ಬೆಲೆಯ ಪ್ರಶ್ನೆ ಬೇರೆ, ನಮ್ಮ ಬಾಯಿಯ ಪ್ರಶ್ನೆ ಬೇರೆ. ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ, ಬರಬರುತ್ತಾ ಬಾಯಿ ತೆರೆಯಲಾಗದಿರುವುದು ಕಂಡರೆ ‘ಹಲ್ಲು ಕಿತ್ತದ್ದಕ್ಕೆ’ ಎಂದು ಸುಮ್ಮನಿರದೆ ತೋರಿಸಿಕೊಳ್ಳಿ. ಹಲ್ಲು ಕೀಳಿಸಲು ಹೇಗೂ ಬಿಟ್ಟ ಕವಳವನ್ನು ಮತ್ತೆ ಹಿಡಿಯದಿದ್ದರೆ ಇನ್ನೂ ಒಳ್ಳೆಯದು. ನಾನು ಹಿಡಿದಿಲ್ಲ.

ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಮೂರನೆಯ ದಿನದ ಮೇಲೆ ನೋವು, ಊತ ಹೆಚ್ಚಿದರೆ, ಜ್ವರ, ಕೀವು ಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ನುಂಗಲು, ಉಸಿರಾಡಲು ಕಷ್ಟವಾದರೆ ಅದೇ ಗಳಿಗೆ ಹೊರಡಬೇಕು.

ತೋಟದ ಕೆಲಸದವರಿಗೂ ಇದನ್ನು ಓದಿ ಹೇಳಿ. ಹಲ್ಲು ಕೀಳಿಸಿಕೊಂಡು ಬಂದವರಿಗೆ ಎರಡು ದಿನ ಹೊರೆ ಹೊರಿಸಬೇಡಿ.