ಮೀನೇ ಗಾಳ ಹಾಕಿ ಕೂತರೆ?

ಗಾಳ ಹಾಕಿ ಮೀನು ಹಿಡಿಯುವವರನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಆದರೆ ಮೀನೇ ಗಾಳ ಹಾಕಿಕೊಂಡು ಕೂರುವುದನ್ನು ಕೇಳಿದ್ದೀರಾ? ಉಷ್ಣವಲಯದ ಕಡಲುಗಳಲ್ಲಿ, ಹವಳದ ದಿಬ್ಬಗಳ ಸಂದಿಗೊಂದಿಗಳಲ್ಲಿ ಅಂಥದೊಂದು ಕುಲವೇ ಇದೆ. ಹೆಸರು ಕಪ್ಪೆ ಮೀನು, ಇಂಗ್ಲಿಷಿನವರ ಬಾಯಲ್ಲಿ ಫ್ರಾಗ್‌ಫಿಶ್. ಒಟ್ಟು ಸುಮಾರು 50 ಬಗೆ. ನಮ್ಮ ಹಿಂದೂ ಮಹಾಸಾಗರದಲ್ಲೂ ಇವೆ.

ಅಂದಚೆಂದ ಮಾತ್ರ ಕೇಳಬೇಡಿ! ಮುದ್ದೆಯಂಥ ಮೈ, ಮೇಲಕ್ಕೆ ತೆರೆದ ದೊಡ್ಡ ಬಾಯಿ, ಹುರುಪೆ ಅನ್ನುವುದೇ ಇಲ್ಲ. ಎದೆಯ ಎರಡು ರೆಕ್ಕೆಗಳು ಮೊಣಕೈ ಮಡಿಚಿದ ಹಾಗೆ ಕಾಣುತ್ತವೆ. ಈಜುವುದು ಅಪರೂಪ, ಆ ರೆಕ್ಕೆಗಳನ್ನೇ ಊರಿಕೊಂಡು ನೆಲದ ಮೇಲೆ ನಡೆಯುವುದೇ ಹೆಚ್ಚು.

ಇನ್ನು ಗಾಳದ ವಿಷಯ. ಬೆನ್ನಿನ ಮೊದಲ ಮುಳ್ಳು ಮುಂದೆ ಬಂದು ಮೂತಿಯ ಮೇಲೆ ಕೋಲಿನಂತೆ ನಿಂತಿದೆ. ಅದರ ತುದಿಯಲ್ಲಿ ಒಂದು ಚೂರು ಮಾಂಸ. ಅದೇ ಎರೆ. ಒಂದು ಬಗೆಯಲ್ಲಿ ಅದು ಹುಳುವಿನಂತೆ, ಇನ್ನೊಂದರಲ್ಲಿ ಸೀಗಡಿಯಂತೆ, ಮತ್ತೊಂದರಲ್ಲಿ ಪುಟ್ಟ ಮೀನಿನಂತೆಯೇ ಇರುತ್ತದೆ. ಕೂತಲ್ಲೇ ಕೂತು ಅದನ್ನು ಕುಣಿಸುತ್ತದೆ. ಆಸೆಪಟ್ಟು ಹತ್ತಿರ ಬಂದ ಮೀನಿನ ಕಥೆ ಅಲ್ಲಿಗೆ ಮುಗಿಯಿತು ಅನ್ನಿ. ಒಂದು ಸೆಕೆಂಡನ್ನು ನೂರು ಪಾಲು ಮಾಡಿದರೆ, ಅದರಲ್ಲಿ ಒಂದು ಪಾಲಿಗಿಂತ ಕಮ್ಮಿ ಹೊತ್ತಿನಲ್ಲಿ ಬಾಯಿ ತೆರೆದು ನೀರಿನ ಸಮೇತ ಎಳೆದುಕೊಂಡುಬಿಡುತ್ತದೆ! ಎರೆಯನ್ನು ಯಾರಾದರೂ ಕಚ್ಚಿಕೊಂಡು ಹೋದರೂ ಚಿಂತೆಯಿಲ್ಲ, ಮತ್ತೆ ಬೆಳೆಯುತ್ತದೆ.

ಹೀಗೆ ಕೂತು ಉಣ್ಣಬೇಕಾದರೆ ಯಾರ ಕಣ್ಣಿಗೂ ಬೀಳಬಾರದಲ್ಲ? ಅದಕ್ಕೇ ಇಷ್ಟೆಲ್ಲ ವೇಷ. ಒಂದಕ್ಕೆ ಮೈತುಂಬ ಕೂದಲಿನಂಥ ಎಳೆಗಳು, ವಾರದಿಂದ ಬಾಚಣಿಗೆ ಕಾಣದ ತಲೆಯ ಹಾಗೆ. ಇನ್ನೊಂದು ಸರ್ಗಾಸಮ್ ಎಂಬ ತೇಲುವ ಕಡಲಕಳೆಯ ನಡುವೆ ಅದೇ ಹಳದಿ ಕಂದು ಬಣ್ಣದಲ್ಲಿ ಅಡಗಿರುತ್ತದೆ. ಎಲ್ಲಕ್ಕಿಂತ ದೊಡ್ಡದು ಸುಮಾರು ಒಂದಡಿಗೂ ಮೀರಿ ಬೆಳೆಯುತ್ತದೆ. ತಾನು ಕೂತ ಸ್ಪಂಜು ಕೆಂಪಾಗಿದ್ದರೆ ಕೆಂಪು, ಹಳದಿಯಾಗಿದ್ದರೆ ಹಳದಿ, ಕಪ್ಪಾಗಿದ್ದರೆ ಕಪ್ಪು. ಕೆಲವೇ ವಾರಗಳಲ್ಲಿ ಬಣ್ಣ ಬದಲು.

ಈ ದೊಡ್ಡ ಮೀನಿಗೆ ಕೊಮರ್ಸನ್ ಎಂಬ ಫ್ರೆಂಚ್ ವಿಜ್ಞಾನಿಯ ಹೆಸರಿಟ್ಟಿದ್ದಾರೆ. ನಮ್ಮ ಕಾಂಪೌಂಡುಗಳ ಮೇಲೆ ಹಬ್ಬುವ ಕಾಗದದ ಹೂವಿನ ಬಳ್ಳಿ, ಬೋಗನ್‌ವಿಲ್ಲಾ, ಇದೆಯಲ್ಲ, ಅದಕ್ಕೆ ತನ್ನ ನಾಯಕ ಬೂಗನ್ವಿಲ್ಲನ ಹೆಸರು ಕೊಟ್ಟವನೂ ಇವನೇ. 1766ರಿಂದ 1769ರವರೆಗೆ ನಡೆದ ಬೂಗನ್ವಿಲ್ಲನ ಭೂಪ್ರದಕ್ಷಿಣೆಯಲ್ಲಿ ಕೊಮರ್ಸನ್ ಜೊತೆಗೆ ಒಬ್ಬ ಸಹಾಯಕನಿದ್ದ. ಭಾರ ಹೊತ್ತು, ಗುಡ್ಡ ಹತ್ತಿ ಗಿಡಮೂಲಿಕೆ ಕೂಡಿಸುತ್ತಿದ್ದ. ಆದರೆ ಅವನು ಅವನಲ್ಲ, ಅವಳು! ಜಾನ್ ಬಾರೆ ಎಂಬ ಹೆಣ್ಣುಮಗಳು. ಆ ಕಾಲದ ಫ್ರೆಂಚ್ ನೌಕಾಪಡೆಯ ಹಡಗಿಗೆ ಹೆಂಗಸರು ಹತ್ತುವಂತಿರಲಿಲ್ಲವಾದ್ದರಿಂದ ಗಂಡಸಿನ ಉಡುಪು ತೊಟ್ಟು ಹೊರಟಿದ್ದಳು. ಲೋಕ ಸುತ್ತಿಬಂದ ಮೊದಲ ಹೆಣ್ಣು ಇವಳೇ ಎನ್ನುತ್ತಾರೆ. ಕೊಮರ್ಸನ್ 1773ರಲ್ಲಿ ಮಾರಿಷಸ್ಸಿನಲ್ಲೇ ತೀರಿಕೊಂಡ. ಅವನ ಹೆಸರಿನ ಗಿಡ, ಮೀನುಗಳಿಗೆ ಲೆಕ್ಕವಿಲ್ಲ. ಅವಳ ಹೆಸರಿನ ಗಿಡ ಬಂದದ್ದು 2012ರಲ್ಲಿ, ಬದನೆ ಆಲೂಗಡ್ಡೆಗಳ ಕುಲದ್ದು. ಇಷ್ಟು ತಡವಾಗಬೇಕಿತ್ತೇ, ನೀವೇ ಹೇಳಿ.

ಅದಿರಲಿ, ಮೀನಿನ ಸಂಸಾರಕ್ಕೆ ಬರೋಣ. ಹೆಚ್ಚಿನ ಕಪ್ಪೆ ಮೀನುಗಳು ಸಾವಿರಾರು ಮೊಟ್ಟೆಗಳನ್ನು ಲೋಳೆಯಂಥ ಪಟ್ಟಿಯಲ್ಲಿ ಸೇರಿಸಿ ತೇಲಿಬಿಡುತ್ತವೆ. ಆಮೇಲೆ ತಾಯಿಗೂ ಮಕ್ಕಳಿಗೂ ಸಂಬಂಧವಿಲ್ಲ. ಪಾಪ ಅನಿಸಿದರೂ, ಅಲೆಯ ಜೊತೆ ತೇಲಿದ ಮರಿಗಳು ಎಲ್ಲೆಲ್ಲೋ ದೂರದ ತೀರ ಸೇರಿ ಬಾಳುತ್ತವೆ.

ಇದಕ್ಕೆ ಹೊರತಾದ ಒಂದು ಮೀನು 2008ರಲ್ಲಿ ಇಂಡೋನೇಷ್ಯಾದ ಆಂಬೊನ್ ದ್ವೀಪದಲ್ಲಿ ಮುಳುಗುಗಾರರ ಕಣ್ಣಿಗೆ ಬಿತ್ತು. ಮರುವರ್ಷ ಅಮೆರಿಕದ ಪೀಚ್ ಮತ್ತು ಸಂಗಡಿಗರು ಹಿಸ್ಟಿಯೊಫ್ರೈನ್ ಸೈಕೆಡೆಲಿಕಾ ಎಂದು ಹೆಸರಿಟ್ಟರು. ಚಪ್ಪಟೆ ಮುಖ, ಮೈಯೆಲ್ಲ ಬಿಳಿ ಗೆರೆಗಳ ಸುಳಿ. ಒಂದರ ಗೆರೆ ಇನ್ನೊಂದಕ್ಕಿಲ್ಲ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಗಾಳ ಕುಣಿಸುವ ಅಭ್ಯಾಸವಿಲ್ಲ, ಬಿರುಕುಗಳಲ್ಲಿ ನುಗ್ಗಿ ಬೇಟೆಯಾಡುತ್ತದೆ. ಸಾಗುವಾಗ ಚೆಂಡಿನಂತೆ ಪುಟಿಯುತ್ತದೆ. ಇದೂ ಇದರ ಹತ್ತಿರದ ನಂಟರೂ ಮೊಟ್ಟೆಗಳನ್ನು ತೇಲಿಬಿಡುವುದಿಲ್ಲ. ಬಾಲ ಸುತ್ತಿ, ಮೈಯ ಮಡಿಲಿನಲ್ಲಿಟ್ಟುಕೊಂಡು ಕಾಯುತ್ತವೆ. ಆದರೆ ಹಾಗೆ ಕಾದು ಬೆಳೆಸಿದ ಮರಿಗಳು ದೂರ ಹೋಗುವುದಿಲ್ಲ. ಈ ಮೀನು ಆಂಬೊನ್ ಬಿಟ್ಟರೆ ಬಾಲಿಯ ಬಳಿ ಸಿಕ್ಕಿದ್ದುಂಟು, ಅಷ್ಟೇ. ಆ ಕೊಲ್ಲಿಯ ನೀರು ಕೆಟ್ಟರೆ ಅದಕ್ಕೆ ಹೋಗಲು ಬೇರೆ ತವರಿಲ್ಲ.